ಕಿತ್ತು ತಂದವರು, ಬಿತ್ತಿ ಕಾದವರು

1865ರಲ್ಲಿ ಇಂಗ್ಲೆಂಡಿನಲ್ಲಿ ಜರೀಗಿಡಗಳ ಬಗ್ಗೆ ಒಂದು ಪುಸ್ತಕ ಬಂತು. ಹೆಸರು 'ಹಾರ್ಡಿ ಫರ್ನ್ಸ್'. ಅವನ್ನು ತಾನು ಹೇಗೆ ಸಂಗ್ರಹಿಸಿದೆ, ಹೇಗೆ ಬೆಳೆಸಿದೆ ಎನ್ನುವುದು ಅದರ ಉಪಶೀರ್ಷಿಕೆ. ಬರೆದವಳು ನೋನಾ ಬೆಲ್ಲೇರ್ಸ್. ಆ ಕಾಲದಲ್ಲಿ ಇಂಥ ಪುಸ್ತಕಗಳಿಗೇನೂ ಬರವಿರಲಿಲ್ಲ. ಆದರೆ ಈ ಪುಸ್ತಕದಲ್ಲಿ ಓದುಗರನ್ನು ತಡೆದು ನಿಲ್ಲಿಸುವ ಒಂದು ಮಾತಿದೆ. ಬೇಟೆಯ ಪ್ರಾಣಿಗಳನ್ನು ಕಾಯಲು ಕಾನೂನು ಇರುವ ಹಾಗೆ ಜರೀಗಿಡಗಳನ್ನು ಕಾಯಲೂ ಕಾನೂನು ಬೇಕು ಎಂದು ಆಕೆ ಕೇಳುತ್ತಾಳೆ. ಕಾಡಿನಿಂದ ಗಿಡ ತಂದು ತೋಟ ಮಾಡುವುದನ್ನು ಹೇಳಿಕೊಡುವ ಪುಸ್ತಕವೇ ಕಾಡು ಬರಿದಾಗುತ್ತಿದೆ ಎಂದು ಮರುಗುತ್ತದೆ.

ಇದನ್ನು ಬೂಟಾಟಿಕೆ ಎಂದು ತಳ್ಳಿಹಾಕುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಒಂದು ಗಿಡವನ್ನು ಬಹಳ ಇಷ್ಟಪಟ್ಟವರೇ ಅದರ ಕುಲಕ್ಕೆ ಕುತ್ತು ತಂದ ಕಥೆಯೊಂದು ಆ ಎರಡು ಮಾತುಗಳ ನಡುವೆ ಇದೆ. ಆ ಕಥೆಯ ಕೇಂದ್ರದಲ್ಲಿರುವುದು 'ಹಾರ್ಡಿ' ಎನ್ನುವ ಪದ. ತೋಟಗಾರರ ಇಂಗ್ಲಿಷಿನಲ್ಲಿ ಅದರ ಅರ್ಥ ಸರಳ: ಗಾಜಿನ ಮನೆಯ ಆಸರೆಯಿಲ್ಲದೆ, ಹಿಮ ಬೀಳುವ ಬಯಲಿನಲ್ಲಿಯೇ ಚಳಿಗಾಲವನ್ನು ಕಳೆಯಬಲ್ಲ ಗಿಡ. ನಮ್ಮ ಮಾತಿನಲ್ಲಿ ಹೇಳುವುದಾದರೆ ಗಟ್ಟಿಪಿಂಡ. ಗಟ್ಟಿಪಿಂಡ ಎಂದ ಮೇಲೆ ಅದನ್ನು ಎಲ್ಲಿಂದ ಕಿತ್ತು ಎಲ್ಲಿ ನೆಟ್ಟರೂ ಬದುಕುತ್ತದೆ ಎಂಬ ನಂಬಿಕೆ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡು ಆ ನಂಬಿಕೆಗೆ ದೊಡ್ಡ ಬೆಲೆ ತೆತ್ತಿತು.

ಜರೀಗಿಡ ಯುರೋಪಿನ ತೋಟಗಳಿಗೆ ಬಂದದ್ದು ತಡವಾಗಿ. ಗುಲಾಬಿ, ಲಿಲ್ಲಿಗಳಿಗೆ ಶತಮಾನಗಳ ತೋಟದ ಇತಿಹಾಸವಿದೆ. ಜರೀಗಿಡ ಮಾತ್ರ ಹಳ್ಳದ ಬದಿಯಲ್ಲಿ, ಬಾವಿಯ ಗೋಡೆಯಲ್ಲಿ, ಕಾಡಿನ ನೆರಳಲ್ಲಿ ತನ್ನ ಪಾಡಿಗೆ ತಾನಿತ್ತು. ಅದಕ್ಕೆ ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ. ಬೀಜವೇ ಇಲ್ಲದ್ದನ್ನು ಬಿತ್ತುವುದು ಹೇಗೆ? ಬೀಜವಿಲ್ಲದೆ ಗಿಡವಿರಲಾರದು, ಆದ್ದರಿಂದ ಅದರ ಬೀಜ ಕಣ್ಣಿಗೆ ಕಾಣುವುದಿಲ್ಲ ಅಷ್ಟೇ ಎಂದು ಅಲ್ಲಿನ ಜನ ನಂಬಿದ್ದರು. ಕಾಣದ ಬೀಜವನ್ನು ಹಿಡಿದವನೂ ಕಾಣದಂತಾಗುತ್ತಾನೆ ಎಂಬ ಕಲ್ಪನೆ ಅದರ ಹಿಂದೆಯೇ ಬಂತು. ಷೇಕ್ಸ್‌ಪಿಯರನ ನಾಲ್ಕನೆಯ ಹೆನ್ರಿ ನಾಟಕದ ಕಳ್ಳರ ಮಾತಿನಲ್ಲೂ ಈ ನಂಬಿಕೆಯ ಪ್ರಸ್ತಾಪವಿದೆ. ಸಸ್ಯಗಳನ್ನು ವರ್ಗೀಕರಿಸಿದ ಲಿನೇಯಸ್ ಕೂಡ ಜರೀಗಿಡಗಳನ್ನು ಪಾಚಿ, ಅಣಬೆಗಳ ಜೊತೆಗೆ 'ಗುಟ್ಟಿನ ಮದುವೆ'ಯ ಗುಂಪಿಗೆ ಸೇರಿಸಿ ಸುಮ್ಮನಾದ.

ಗುಟ್ಟನ್ನು ಮೊದಲು ಕೆದಕಿದವರಲ್ಲಿ ಜಮೈಕಾದಲ್ಲಿದ್ದ ಜಾನ್ ಲಿಂಡ್ಸೆ ಎಂಬ ಶಸ್ತ್ರವೈದ್ಯ ಒಬ್ಬ. ಗರಿಯ ಅಡಿಯಲ್ಲಿರುವ ಕಂದು ಧೂಳನ್ನು ಆತ ಮಣ್ಣಿನ ಮೇಲೆ ಉದುರಿಸಿ, ದಿನದಿನವೂ ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಹೋದ. ಮಣ್ಣಿನ ಮೇಲೆ ಮೊದಲು ಹಸಿರು ಪೊರೆ ಕಂಡಿತು. ಅದರಿಂದ ಮೆಲ್ಲನೆ ಪುಟ್ಟ ಗರಿಗಳು ಎದ್ದವು. ಈ ವರದಿ ಲಂಡನ್ನಿನ ಲಿನಿಯನ್ ಸೊಸೈಟಿಯ ಸಂಪುಟದಲ್ಲಿ 1794ರಲ್ಲಿ ಅಚ್ಚಾಯಿತು. ಆದರೂ ಆ ಹಸಿರು ಪೊರೆಯಲ್ಲಿ ನಡೆಯುವುದೇನು ಎನ್ನುವುದು ತಿಳಿಯಲು ಇನ್ನೂ ಅರ್ಧ ಶತಮಾನ ಬೇಕಾಯಿತು. 1848ರಲ್ಲಿ ಸುಮಿನ್‌ಸ್ಕಿ ಎಂಬ ಪೋಲಿಷ್ ಕುಲೀನ ಅದರಲ್ಲಿ ಹೆಣ್ಣು ಅಂಗಗಳನ್ನು ಗುರುತಿಸಿದ. 1851ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಹಾಫ್‌ಮೈಸ್ಟರ್ ಇಡೀ ಚಕ್ರವನ್ನು ಬಿಡಿಸಿಟ್ಟ. ಜರೀಗಿಡಕ್ಕೆ ಎರಡು ಜನ್ಮ. ನಾವು ನೋಡುವ ಗರಿಗಳ ಗಿಡ ಒಂದು ಜನ್ಮ. ಅದು ಉದುರಿಸುವ ಬೀಜಾಣುವಿನಿಂದ ಹುಟ್ಟುವ, ಉಗುರಿಗಿಂತ ಚಿಕ್ಕದಾದ, ಹೃದಯದ ಆಕಾರದ ಹಸಿರು ಹಾಳೆ ಇನ್ನೊಂದು ಜನ್ಮ. ಗಂಡು ಹೆಣ್ಣು ಕೂಡುವುದು ಆ ಹಾಳೆಯ ಅಡಿಯಲ್ಲಿ, ಒಂದು ತೆಳುವಾದ ನೀರಿನ ಪದರದಲ್ಲಿ. ಜರೀಗಿಡ ತೇವವನ್ನು ಬಿಟ್ಟು ದೂರ ಹೋಗದಿರುವುದು ಮುಖ್ಯವಾಗಿ ಇದೇ ಕಾರಣಕ್ಕೆ.

ಜರೀಗಿಡದ ಈ ಎರಡನೆಯ ಜನ್ಮವನ್ನು ಗಮನದಲ್ಲಿಟ್ಟುಕೊಳ್ಳಬೇಕು. ಮುಂದಿನ ಇಡೀ ಕಥೆ, ಗರಿಗಳನ್ನಷ್ಟೇ ಕಂಡವರು ಮತ್ತು ಆ ಹಸಿರು ಪೊರೆಯನ್ನೂ ಕಂಡವರು ಎಂಬ ಎರಡು ದಾರಿಗಳ ಕಥೆ.

ಮೊದಲ ದಾರಿ ಶುರುವಾದದ್ದು ಒಂದು ಸೀಸೆಯಿಂದ. ನಥೇನಿಯಲ್ ಬ್ಯಾಗ್‌ಶಾ ವಾರ್ಡ್ ಪೂರ್ವ ಲಂಡನ್ನಿನಲ್ಲಿದ್ದ ವೈದ್ಯ. ಮನೆಯ ಹಿತ್ತಲಿನಲ್ಲಿ ಕಲ್ಲು ಜೋಡಿಸಿ ಜರೀಗಿಡ ಬೆಳೆಸಬೇಕೆಂದು ಅವನಿಗೆ ಆಸೆ. ಸುತ್ತಲೂ ಕಲ್ಲಿದ್ದಲಿನ ಹೊಗೆ. ನೆಟ್ಟ ಗಿಡಗಳು ಒಂದೊಂದಾಗಿ ಸತ್ತವು. 1829ರ ಸುಮಾರಿಗೆ ಆತ ಒಂದು ಪತಂಗದ ಗೂಡನ್ನು ಒದ್ದೆ ಮಣ್ಣಿನ ಜೊತೆ ಗಾಜಿನ ಸೀಸೆಯಲ್ಲಿಟ್ಟು ಮುಚ್ಚಳ ಹಾಕಿದ. ಪತಂಗ ಹೊರಬರುವುದನ್ನು ನೋಡುವುದು ಉದ್ದೇಶ. ಆದರೆ ಆ ಮಣ್ಣಿನಲ್ಲಿ ಒಂದು ಹುಲ್ಲಿನ ಎಸಳೂ ಒಂದು ಜರೀಗಿಡವೂ ಮೊಳೆತವು. ಹಗಲು ಮಣ್ಣಿನಿಂದ ಎದ್ದ ಆವಿ ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗಿಳಿಯುತ್ತಿತ್ತು. ಹೊಗೆ ಒಳಗೆ ಬರುತ್ತಿರಲಿಲ್ಲ. ನೀರು ಹಾಕುವ ಕೆಲಸವೇ ಇಲ್ಲದೆ ಆ ಎರಡು ಸಸಿಗಳು ಹೆಚ್ಚುಕಡಿಮೆ ನಾಲ್ಕು ವರ್ಷ ಬದುಕಿದವು. ಮುಚ್ಚಳ ತುಕ್ಕು ಹಿಡಿದು ಮಳೆನೀರು ಒಳಗಿಳಿದಾಗ ಸತ್ತವು.

ವಾರ್ಡ್ ಸುಮ್ಮನೆ ಕೂರಲಿಲ್ಲ. ಬಿಗಿಯಾದ ಗಾಜಿನ ಪೆಟ್ಟಿಗೆಗಳನ್ನು ಮಾಡಿಸಿ, 1833ರಲ್ಲಿ ಎರಡು ಪೆಟ್ಟಿಗೆಗಳಲ್ಲಿ ಜರೀಗಿಡ, ಹುಲ್ಲುಗಳನ್ನು ತುಂಬಿಸಿ ಸಿಡ್ನಿಗೆ ಹಡಗಿನಲ್ಲಿ ಕಳಿಸಿದ. ಗಿಡಗಳು ಜೀವಂತ ತಲುಪಿದವು. ಅದೇ ಪೆಟ್ಟಿಗೆಗಳಲ್ಲಿ ಆಸ್ಟ್ರೇಲಿಯಾದ ಗಿಡಗಳು ವಾಪಸು ಹೊರಟು, ಕೇಪ್ ಹಾರ್ನ್‌ನ ಹಿಮವನ್ನೂ ಭೂಮಧ್ಯರೇಖೆಯ ಬಿಸಿಲನ್ನೂ ದಾಟಿ ಲಂಡನ್ನಿಗೆ ಬಂದವು. ಅವುಗಳಲ್ಲಿ ಗ್ಲೈಕೀನಿಯಾ ಜಾತಿಯ ಒಂದು ಜರೀಗಿಡವೂ ಇತ್ತು. ಮಲೆನಾಡಿನ ರಸ್ತೆಗಳಿಗೆ ಗುಡ್ಡ ಕಡಿದ ಕಡೆಗಳಲ್ಲಿ ಕವಲು ಕವಲಾಗಿ ಹಬ್ಬಿ ನಿಲ್ಲುವ ಜರೀಗಿಡದ ಹತ್ತಿರದ ಸಂಬಂಧಿ ಅದು. 1842ರಲ್ಲಿ ವಾರ್ಡ್ ಇದನ್ನೆಲ್ಲ ಪುಸ್ತಕ ಮಾಡಿದ. 1845ರಲ್ಲಿ ಬ್ರಿಟನ್ ಗಾಜಿನ ಮೇಲಿನ ಸುಂಕವನ್ನು ತೆಗೆದುಹಾಕಿತು. ಗಾಜು ಅಗ್ಗವಾಯಿತು. ಮಧ್ಯಮವರ್ಗದ ಮನೆಗಳ ಕಿಟಕಿಗಳಲ್ಲಿ ವಾರ್ಡ್ ಪೆಟ್ಟಿಗೆಗಳು ಕಾಣಿಸಿಕೊಂಡವು.

ಆಮೇಲಿನದು ಹುಚ್ಚು. ಹಾಗೆ ಕರೆದದ್ದು ನಾನಲ್ಲ. ಚಾರ್ಲ್ಸ್ ಕಿಂಗ್ಸ್‌ಲಿ 1855ರ ತನ್ನ 'ಗ್ಲಾಕಸ್' ಪುಸ್ತಕದಲ್ಲಿ ಅದಕ್ಕೆ 'ಟೆರಿಡೋಮೇನಿಯಾ' ಎಂದು ಹೆಸರಿಟ್ಟ. ಜರೀಗಿಡದ ಗೀಳು ಎಂದು ಅರ್ಥ. ರೈಲು ಬಂದಿತ್ತು. ನಗರದವರು ವೇಲ್ಸ್, ಡೆವನ್, ಸ್ಕಾಟ್ಲೆಂಡ್, ಐರ್ಲೆಂಡುಗಳಿಗೆ ರಜೆಗೆ ಹೋಗಿ, ಬುಟ್ಟಿ ತುಂಬಾ ಗಿಡ ತಂದರು. ಥಾಮಸ್ ಮೂರ್‌ನ ಕೈಪಿಡಿ 1848ರಲ್ಲಿ ಬಂತು. ಅವನದೇ ಇನ್ನೊಂದು ದೊಡ್ಡ ಪುಸ್ತಕಕ್ಕೆ ಹೆನ್ರಿ ಬ್ರಾಡ್‌ಬರಿ ನಿಜವಾದ ಗರಿಗಳನ್ನೇ ಸೀಸದ ಹಾಳೆಯ ಮೇಲೆ ಒತ್ತಿ, ಆ ಅಚ್ಚಿನಿಂದ ಚಿತ್ರ ಮುದ್ರಿಸಿದ. ಗರಿಯ ನರನರವೂ ಕಾಗದದ ಮೇಲೆ ಮೂಡಿತು. ಕೋಲ್‌ಬ್ರೂಕ್‌ಡೇಲ್‌ನ ಎರಕದ ಕಾರ್ಖಾನೆಯ ಕಬ್ಬಿಣದ ಬೆಂಚುಗಳ ಮೇಲೆ, ಪಿಂಗಾಣಿ ಬಟ್ಟಲುಗಳ ಮೇಲೆ, ಗೋಡೆ ಕಾಗದಗಳ ಮೇಲೆ ಜರೀಗಿಡ ಹಬ್ಬಿತು. ಈ ಗೀಳಿನ ಇತಿಹಾಸವನ್ನು ಬರೆದ ಡೇವಿಡ್ ಅಲೆನ್ 1969ರಲ್ಲಿ ಅದನ್ನು ಒಂದು ಸಾಮಾಜಿಕ ವಿದ್ಯಮಾನವೆಂದೇ ನೋಡಿದ. ಕಿಂಗ್ಸ್‌ಲಿ ತಮಾಷೆ ಮಾಡುತ್ತಲೇ ಗಮನಿಸಿದ ಒಂದು ಸಂಗತಿ ನಿಜವಾಗಿತ್ತು: ಗೀಳು ಹೆಚ್ಚಾಗಿ ಹಿಡಿದದ್ದು ಹೆಣ್ಣುಮಕ್ಕಳಿಗೆ. ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಕಾಲದಲ್ಲಿ, ಗಿಡ ಗುರುತಿಸುವ ನೆಪದಲ್ಲಿ ಗುಡ್ಡ ಹತ್ತುವುದಕ್ಕೂ ಲ್ಯಾಟಿನ್ ಹೆಸರುಗಳನ್ನು ಕಲಿಯುವುದಕ್ಕೂ ಅವರಿಗೆ ದಾರಿಯಾಯಿತು. ಬೆಲ್ಲೇರ್ಸ್ ಅಂಥವಳೊಬ್ಬಳು.

ಗಾಜಿನ ಪೆಟ್ಟಿಗೆಯಿಂದ ಗಿಡ ಬಯಲಿಗೆ ಇಳಿದಾಗ 'ಹಾರ್ಡಿ' ಪದಕ್ಕೆ ಬೆಲೆ ಬಂತು. ಪೆಟ್ಟಿಗೆ ಚಿಕ್ಕದು, ತೋಟ ದೊಡ್ಡದು. ಮನೆಯ ಉತ್ತರ ಗೋಡೆಯ ನೆರಳಿನಲ್ಲಿ, ಬೇರೆ ಹೂಗಿಡ ಬಾರದ ಮೂಲೆಯಲ್ಲಿ, ಮರದ ಬೊಡ್ಡೆಗಳನ್ನೂ ಕಲ್ಲುಗಳನ್ನೂ ಪೇರಿಸಿ ಜರೀತೋಟ ಮಾಡುವುದು ಬಳಕೆಗೆ ಬಂತು. ಶರ್ಲಿ ಹಿಬರ್ಡ್ 1869ರಲ್ಲಿ 'ದಿ ಫರ್ನ್ ಗಾರ್ಡನ್' ಎಂಬ ಪುಸ್ತಕವನ್ನೇ ಬರೆದ. ಯಾವ ಗಿಡಕ್ಕೆ ಏನು ಬೇಕು ಎನ್ನುವ ಅನುಭವ ಮೆಲ್ಲಮೆಲ್ಲನೆ ಕೂಡಿಕೊಂಡಿತು. ಇಂದಿಗೂ ಅಲ್ಲಿನ ತೋಟಗಾರರು ಹೆಚ್ಚುಕಡಿಮೆ ಅದನ್ನೇ ಹೇಳುತ್ತಾರೆ.

ಮೇಲ್ ಫರ್ನ್ ಎಂಬುದು ಎಲ್ಲಕ್ಕಿಂತ ಸಹನೆಯ ಗಿಡ. ಮರದ ಬುಡದ ಒಣ ಮಣ್ಣಿನಲ್ಲೂ ತಾಳುತ್ತದೆ. ವಾರ್ಡ್‌ನ ಸೀಸೆಯಲ್ಲಿ ಮೊಳೆತದ್ದೂ ಇದೇ. ಲೇಡಿ ಫರ್ನ್ ನೋಡಲು ಇನ್ನೂ ನಾಜೂಕು, ಆದರೆ ಮಣ್ಣು ಒಣಗಿದರೆ ಬೇಸಿಗೆ ಮುಗಿಯುವ ಮೊದಲೇ ಕಂದಿಹೋಗುತ್ತದೆ. ಸಾಫ್ಟ್ ಶೀಲ್ಡ್ ಫರ್ನ್ ಚಳಿಗಾಲದಲ್ಲೂ ಹಸಿರಾಗಿರುತ್ತದೆ, ಒಣ ನೆರಳನ್ನೂ ಸಹಿಸುತ್ತದೆ. ಹಾರ್ಟ್ಸ್ ಟಂಗ್, ಅಂದರೆ ಜಿಂಕೆನಾಲಿಗೆ, ಗರಿ ಸೀಳಿರದೆ ನಾಲಿಗೆಯ ಹಾಗೆ ಉದ್ದಕ್ಕಿರುವ ಗಿಡ. ಅದಕ್ಕೆ ಸುಣ್ಣ ಇಷ್ಟ, ಹಳೆಯ ಗಾರೆಯ ಗೋಡೆಯೇ ಅದರ ಮನೆ. ಹಾರ್ಡ್ ಫರ್ನ್‌ಗೆ ಸುಣ್ಣವೆಂದರೆ ಆಗದು, ಹುಳಿ ಮಣ್ಣೇ ಬೇಕು. ರಾಯಲ್ ಫರ್ನ್ ಆಳೆತ್ತರಕ್ಕೆ ಬೆಳೆಯಬಲ್ಲದು, ಕೊಳದ ಅಂಚಿನ ಜವುಳು ನೆಲದಲ್ಲಿ ಮಾತ್ರ. ನೆಡುವಾಗ ಗಿಡದ ನೆತ್ತಿಯನ್ನು ಮಣ್ಣಿನಲ್ಲಿ ಹೂಳಬಾರದು. ಹಸಿ ಗೊಬ್ಬರ ಕೊಡಬಾರದು, ಕೊಳೆತ ತರಗೆಲೆ ಸಾಕು. ಗಾಳಿಗೆ ಮರೆ ಇರಬೇಕು. ಒಣಗಿದ ಹಳೆಯ ಗರಿಗಳನ್ನು ಚಳಿಗಾಲದಲ್ಲಿ ಕತ್ತರಿಸದೆ ನೆತ್ತಿಗೆ ಹೊದಿಕೆಯಾಗಿ ಬಿಟ್ಟು, ವಸಂತದಲ್ಲಿ ಸುರುಳಿ ಚಿಗುರು ಬಿಚ್ಚುವ ಮುಂಚೆ ತೆಗೆಯಬೇಕು.

ಈ ಪಟ್ಟಿಯಲ್ಲಿ ಒಂದು ಗಿಡಕ್ಕೆ ಬೇಕಾದದ್ದು ಇನ್ನೊಂದಕ್ಕೆ ವಿಷ. ಒಂದಕ್ಕೆ ಸುಣ್ಣ, ಒಂದಕ್ಕೆ ಹುಳಿ. ಒಂದಕ್ಕೆ ಜವುಳು, ಒಂದಕ್ಕೆ ಗೋಡೆ. ಎಲ್ಲವೂ ಗಟ್ಟಿಪಿಂಡಗಳೇ, ಆದರೆ ತಂತಮ್ಮ ಜಾಗದಲ್ಲಿ. ಒಳ್ಳೆಯ ತೋಟಗಾರರಿಗೆ ಇದು ಗೊತ್ತಿತ್ತು. ಮಾರುಕಟ್ಟೆಗೆ ಗೊತ್ತಿರಲಿಲ್ಲ.

ವುಡ್ಸಿಯಾ ಎಂಬ ಪುಟ್ಟ ಜರೀಗಿಡಗಳ ಗತಿ ಇದಕ್ಕೆ ಸಾಕ್ಷಿ. ಬ್ರಿಟನ್ನಿನಲ್ಲಿ ಇವುಗಳ ಎರಡು ಜಾತಿಗಳಿವೆ. ಎರಡೂ ಬೆರಳುದ್ದದವು, ಎತ್ತರದ ಬೆಟ್ಟಗಳ ಬಂಡೆ ಬಿರುಕುಗಳಲ್ಲಿ ಬೆಳೆಯುತ್ತವೆ. ಉತ್ತರ ಧ್ರುವದ ಸುತ್ತಿನ ಚಳಿಯನ್ನು ತಾಳುವ ಗಿಡಗಳಿವು. ಚಳಿ ತಾಳುವುದೇ ಹಾರ್ಡಿ ಎನ್ನುವುದಾದರೆ ಇವಕ್ಕಿಂತ ಹಾರ್ಡಿ ಬೇರೆ ಬೇಕೆ? ಅಪರೂಪದವು ಎಂಬ ಒಂದೇ ಕಾರಣಕ್ಕೆ ಸಂಗ್ರಾಹಕರು ಮುಗಿಬಿದ್ದರು. ಸ್ಕಾಟ್ಲೆಂಡಿನ ಮೊಫಾಟ್ ಬೆಟ್ಟಗಳಲ್ಲಿ ವುಡ್ಸಿಯಾ ಇಲ್ವೆನ್ಸಿಸ್ ಬಹುತೇಕ ಕಿತ್ತುಹೋಯಿತು. ಕೆಳಗಿನ ತೋಟಗಳಿಗೆ ತಂದು ನೆಟ್ಟವು ಬದುಕಿದ್ದು ಕಡಿಮೆ. ಮಂಜುಗಡ್ಡೆಯನ್ನು ತಾಳಿದ ಗಿಡಕ್ಕೆ ತೋಟದ ಬೆಚ್ಚಗಿನ, ಒದ್ದೆ ಒದ್ದೆ ಚಳಿಗಾಲ ತಾಳಲಾಗಲಿಲ್ಲ.

ವೇಲ್ಸ್‌ನ ಸ್ನೋಡನ್ ಬೆಟ್ಟದ ಬುಡದಲ್ಲಿ ಲಾನ್‌ಬೆರಿಸ್ ಎಂಬ ಊರಿದೆ. ಅಲ್ಲಿ ವಿಲಿಯಂ ವಿಲಿಯಮ್ಸ್ ಎಂಬ ಮಾರ್ಗದರ್ಶಿಯಿದ್ದ. ಯಾವ ಬಂಡೆಯ ಯಾವ ಬಿರುಕಿನಲ್ಲಿ ಯಾವ ಅಪರೂಪದ ಗಿಡವಿದೆ ಎಂಬುದು ಅವನ ತಲೆಯಲ್ಲಿತ್ತು. ಅದೇ ಅವನ ಅನ್ನದ ದಾರಿ. 1861ರಲ್ಲಿ ಕ್ಲಾಗ್ವಿನ್ ಅ ಗಾರ್ನೆಡ್ ಎಂಬ ಕಡಿದಾದ ಬಂಡೆಯಲ್ಲಿ ಜರೀಗಿಡ ಸಂಗ್ರಹಿಸಲು ಇಳಿದವನು ಬಿದ್ದು ಸತ್ತ. ಗೀಳು ನಗರದ್ದು, ಪ್ರಾಣ ಬೆಟ್ಟದವನದ್ದು. ಐರ್ಲೆಂಡಿನ ಕಿಲಾರ್ನಿ ಸರೋವರಗಳ ಸುತ್ತ ಬೆಳೆಯುತ್ತಿದ್ದ ಕಿಲಾರ್ನಿ ಫರ್ನ್ ಇನ್ನೂ ಬೇಡಿಕೆಯದು. ಅದರ ಗರಿ ಎಷ್ಟು ತೆಳು ಎಂದರೆ ಬೆಳಕಿಗೆ ಹಿಡಿದರೆ ಆಚೆ ಕಾಣುತ್ತದೆ. ಜಲಪಾತದ ಸಿಂಚನ ಸದಾ ಬೀಳುವ ಕತ್ತಲ ಬಂಡೆಗಳೇ ಅದಕ್ಕೆ ಬೇಕು. ಅಲ್ಲಿಂದ ಅದನ್ನು ಬುಟ್ಟಿಗಟ್ಟಲೆ ತೆಗೆದು ಪ್ರವಾಸಿಗರಿಗೆ ಮಾರಿದರು. ಬೆಲ್ಲೇರ್ಸ್ ಕಾನೂನು ಕೇಳಿದ್ದು ಇಂಥ ದಿನಗಳಲ್ಲಿ. ಆಕೆಯ ಬೇಡಿಕೆ ಈಡೇರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ವುಡ್ಸಿಯಾಗಳೂ ಕಿಲಾರ್ನಿ ಫರ್ನ್ ಕೂಡ ಬ್ರಿಟನ್ನಿನ 1981ರ ವನ್ಯಜೀವಿ ಕಾಯ್ದೆಯ ರಕ್ಷಣೆಯ ಪಟ್ಟಿಯಲ್ಲಿವೆ.

ಇನ್ನು ಎರಡನೆಯ ದಾರಿಗೆ ಬರೋಣ. ಅದು ಬೀಜಾಣುವಿನ ದಾರಿ. ಇದರಲ್ಲಿ ಸಾಹಸವಿಲ್ಲ. ಮಾಗಿದ ಗರಿಯ ತುಂಡನ್ನು ಕಾಗದದ ಮಡಿಕೆಯಲ್ಲಿ ಒಂದೆರಡು ದಿನ ಇಟ್ಟರೆ ಕಂದು ಧೂಳು ಉದುರುತ್ತದೆ. ಕುಂಡದ ಮಣ್ಣಿಗೆ ಕುದಿಯುವ ನೀರು ಹೊಯ್ದು, ಅದರಲ್ಲಿರುವ ಪಾಚಿ, ಬೂಷ್ಟುಗಳನ್ನು ಕೊಂದು, ಆರಿದ ಮೇಲೆ ಆ ಧೂಳನ್ನು ತೆಳ್ಳಗೆ ಉದುರಿಸಿ ಗಾಜು ಮುಚ್ಚಬೇಕು. ಬೆಳಕು ಬೇಕು, ನೇರ ಬಿಸಿಲು ಬೇಡ. ವಾರಗಳಾದ ಮೇಲೆ ಹಸಿರು ಪೊರೆ. ತಿಂಗಳುಗಳಾದ ಮೇಲೆ ಮೊದಲ ಗರಿ. ತೋಟಕ್ಕಿಳಿಸುವ ಗಾತ್ರಕ್ಕೆ ಬರಲು ಎರಡು ಮೂರು ವರ್ಷ. ರಾಯಲ್ ಫರ್ನ್‌ನ ಬೀಜಾಣುಗಳು ಹಸಿರಾಗಿದ್ದು ಬೇಗ ಸಾಯುತ್ತವೆ, ಅವನ್ನು ಬಿತ್ತಲು ತಡಮಾಡುವಂತಿಲ್ಲ. ಇಷ್ಟೇ ವಿದ್ಯೆ. ಆದರೆ ಒಂದು ಗರಿಯ ಮೇಲೆ ಲಕ್ಷಾಂತರ ಬೀಜಾಣುಗಳಿರುತ್ತವೆ, ಗಿಡ ಕೀಳಬೇಕಾಗಿಯೇ ಇಲ್ಲ.

ಯಾರ್ಕ್‌ನ ಬ್ಯಾಕ್‌ಹೌಸ್, ಟಾಡ್‌ಮೋರ್ಡನ್‌ನ ಏಬ್ರಹಾಂ ಸ್ಟ್ಯಾನ್ಸ್‌ಫೀಲ್ಡ್ ಮೊದಲಾದ ನರ್ಸರಿಗಳವರು ಜರೀಗಿಡಗಳನ್ನೇ ಕಸುಬು ಮಾಡಿಕೊಂಡರು. ಬಿತ್ತುತ್ತ ಹೋದವರಿಗೆ ಇನ್ನೊಂದು ಬೆರಗು ಕಾದಿತ್ತು. ಒಂದೇ ತಾಯಿಯ ಬೀಜಾಣುಗಳಿಂದ ತುದಿ ಕವಲೊಡೆದವು, ಅಂಚು ನೆರಿಗೆಗಟ್ಟಿದವು, ಕುಳ್ಳಾದವು ಹೀಗೆ ಬಗೆಬಗೆಯ ಗಿಡಗಳು ಬಂದವು. ಅಪರೂಪದ ಜಾತಿಯನ್ನು ಬೆಟ್ಟದಿಂದ ತರುವ ಬದಲು, ಸಾಮಾನ್ಯ ಜಾತಿಯಲ್ಲಿ ಅಪರೂಪದ ರೂಪವನ್ನು ಹುಡುಕುವ ಹವ್ಯಾಸ ಬೆಳೆಯಿತು. ಇದಕ್ಕೂ ಕಾಡಿನಿಂದ ಕಿತ್ತು ತಂದದ್ದುಂಟು. 1861ರಲ್ಲಿ ಸ್ಕಾಟ್ಲೆಂಡಿನ ಸ್ಟರ್ಲಿಂಗ್‌ಶೈರ್‌ನಲ್ಲಿ ಜೇಮ್ಸ್ ಕಾಶ್ ಎಂಬ ವಿದ್ಯಾರ್ಥಿಗೆ ಸಿಕ್ಕ, ಎಸಳುಗಳು ಒಂದನ್ನೊಂದು ಕತ್ತರಿಸಿ ಸಾಲು ಸಾಲು ಶಿಲುಬೆಗಳಂತೆ ಕಾಣುವ ಲೇಡಿ ಫರ್ನ್ ಅಂಥದ್ದು. ರಾಣಿಯ ಹೆಸರಿನಲ್ಲಿ ಅದಕ್ಕೆ 'ವಿಕ್ಟೋರಿಯೇ' ಎಂದು ಹೆಸರಾಯಿತು. ಆ ಒಂದೇ ಗಿಡದ ಬುಡವನ್ನು ಸೀಳಿ ಸೀಳಿ ನೆಟ್ಟ ಸಂತತಿ ಇಂದಿಗೂ ಇದೆ. ಕಿತ್ತವರೆಲ್ಲ ಕೊಂದವರೇನಲ್ಲ. ಒಂದನ್ನು ತಂದು ನೂರಾಗಿಸಿದವರೂ ಇದ್ದರು.

ಬಿತ್ತುವವರ ಕಣ್ಣು ವಿಜ್ಞಾನಕ್ಕೂ ನೆರವಾಯಿತು. ಚಾರ್ಲ್ಸ್ ಡ್ರೂರಿ ಎಂಬ ಹವ್ಯಾಸಿ 1884ರಲ್ಲಿ ಒಂದು ಲೇಡಿ ಫರ್ನ್‌ನಲ್ಲಿ ವಿಚಿತ್ರವೊಂದನ್ನು ಕಂಡ: ಬೀಜಾಣುವಿನ ಹಂತವನ್ನೇ ಹಾರಿ, ಗರಿಯಿಂದಲೇ ಹಸಿರು ಹಾಳೆ ಹುಟ್ಟುತ್ತಿತ್ತು. ಎರಡು ಜನ್ಮಗಳ ನಿಯಮಕ್ಕೆ ಹೀಗೊಂದು ಅಡ್ಡದಾರಿಯಿದೆ ಎಂದು ಜಗತ್ತಿಗೆ ಗೊತ್ತಾದದ್ದು ಮನೆತೋಟದ ಗಿಡವೊಂದರಿಂದ. 1891ರಲ್ಲಿ, ಗೀಳು ಇಳಿಯುತ್ತಿದ್ದ ಕಾಲದಲ್ಲಿ, ಉತ್ತರ ಇಂಗ್ಲೆಂಡಿನ ಕೆಂಡಲ್ ಎಂಬ ಊರಿನಲ್ಲಿ ಈ ಹವ್ಯಾಸಿಗಳು ಸೇರಿ ಕಟ್ಟಿದ ಸಂಘವೇ ಮುಂದೆ ಬ್ರಿಟಿಷ್ ಟೆರಿಡೊಲಾಜಿಕಲ್ ಸೊಸೈಟಿಯಾಯಿತು. ಅದು ಈಗಲೂ ಇದೆ. ಸದಸ್ಯರು ಬೀಜಾಣುಗಳನ್ನು ಪರಸ್ಪರ ಹಂಚಿಕೊಳ್ಳುತ್ತಾರೆ. ಫ್ಯಾಷನ್ ಹೋದ ಮೇಲೂ ಉಳಿದವರು ಬಿತ್ತಿ ಕಾದವರು.

ಈ ಎರಡೂ ದಾರಿಗಳು ನಮ್ಮಲ್ಲಿಗೂ ಬಂದವು. ಹೊತ್ತು ತಂದದ್ದು ಅದೇ ವಾರ್ಡ್ ಪೆಟ್ಟಿಗೆ. ರಾಬರ್ಟ್ ಫಾರ್ಚೂನ್ 1848ರಿಂದ 1851ರ ನಡುವೆ ಚೀನಾದಿಂದ ಹಿಮಾಲಯದ ತಪ್ಪಲಿಗೆ ಚಹಾ ಗಿಡಗಳನ್ನು ಕಳಿಸಿದ್ದು ಅದರಲ್ಲಿ. ಚಹಾ ಬೀಜಗಳನ್ನು ಪೆಟ್ಟಿಗೆಯ ಮಣ್ಣಿನಲ್ಲೇ ಬಿತ್ತಿ, ಪ್ರಯಾಣದಲ್ಲಿ ಮೊಳೆಯಲು ಬಿಟ್ಟಾಗ ಅವನಿಗೆ ನಿಜವಾದ ಗೆಲುವು ಸಿಕ್ಕಿತು. 1861ರಲ್ಲಿ ಈಕ್ವೆಡಾರ್‌ನಿಂದ ರಾಬರ್ಟ್ ಸ್ಪ್ರೂಸ್ ಸಂಗ್ರಹಿಸಿದ ಸಿಂಕೋನಾ ಸಸಿಗಳು ಊಟಿಗೆ ಬಂದದ್ದೂ ಅದೇ ಪೆಟ್ಟಿಗೆಗಳಲ್ಲಿ. ಜರೀಗಿಡದ ಆಸೆಗೆ ಹುಟ್ಟಿದ ಗಾಜಿನ ಪೆಟ್ಟಿಗೆ ಹೀಗೆ ಸಾಮ್ರಾಜ್ಯದ ಸಾಧನವಾಯಿತು. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದಾಗ ಮಾದರಿಯಾಗಿದ್ದುದು 1851ರ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್. ಗಾಜು ಅಗ್ಗವಾದ ಕಾಲದ ಇನ್ನೊಂದು ಕೂಸು.

ನಮ್ಮ ಘಟ್ಟಗಳ ಜರೀಗಿಡಗಳು ಪುಸ್ತಕಕ್ಕೆ ಸೇರಿದ್ದೂ ಈ ಹುಚ್ಚಿನ ದಶಕಗಳಲ್ಲೇ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗಾರ್ನ್ ಇಲ್ಲಿನ ಚಿತ್ರಕಾರರಿಂದ ಗಿಡಗಳ ಚಿತ್ರಗಳನ್ನು ಬರೆಸಿದ. ಮುಂದೆ ಮದ್ರಾಸ್ ಪ್ರಾಂತ್ಯದ ಅರಣ್ಯ ಇಲಾಖೆಯನ್ನು ಕಟ್ಟಿದ. ಅವನ ಕೈಕೆಳಗೆ ಕೆಲಸಕ್ಕೆ ಸೇರಿದ ರಿಚರ್ಡ್ ಹೆನ್ರಿ ಬೆಡ್ಡೋಮ್ 1863ರಿಂದ 'ದಕ್ಷಿಣ ಭಾರತದ ಜರೀಗಿಡಗಳು' ಎಂಬರ್ಥದ ಪುಸ್ತಕವನ್ನು ಕಂತುಗಳಲ್ಲಿ ಹೊರತಂದ. 1883ರಲ್ಲಿ ಅವನ ಕೈಪಿಡಿ ಬಂತು. ಇವತ್ತು ಆಗುಂಬೆಯ, ಕೊಡಗಿನ ಜರೀಗಿಡಗಳ ಮೇಲೆ ಕೆಲಸ ಮಾಡುವವರು ಬೆಡ್ಡೋಮ್‌ನನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಹಿಮಾಲಯದ ಜರೀಗಿಡಗಳೂ ಬ್ರಿಟನ್ನಿನ ತೋಟಗಳನ್ನು ಸೇರಿದವು. ಇಂದು ಅಲ್ಲಿ ಮೆಚ್ಚಿನ ಹಾರ್ಡಿ ಫರ್ನ್‌ಗಳಲ್ಲಿ ಒಂದಾದ ಡ್ರಯಾಪ್ಟೆರಿಸ್ ವಾಲಿಚಿಯಾನಾ ಹಿಮಾಲಯದ್ದು. ಅದರ ಹೆಸರಿನಲ್ಲಿರುವ ನಥೇನಿಯಲ್ ವಾಲಿಚ್ ಕಲ್ಕತ್ತೆಯ ಸಸ್ಯೋದ್ಯಾನವನ್ನು ನೋಡಿಕೊಂಡಿದ್ದವನು.

ಆದರೆ ನಮಗೆ ಹಾರ್ಡಿ ಎಂದರೆ ಯಾವುದು? ಅಲ್ಲಿ ಪರೀಕ್ಷೆ ಚಳಿಗಾಲ, ಇಲ್ಲಿ ಏಪ್ರಿಲ್ ತಿಂಗಳು. ಇಂಗ್ಲೆಂಡಿನ ಗಟ್ಟಿಪಿಂಡ ನಮ್ಮ ಬಯಲುಸೀಮೆಯ ಒಂದು ಬೇಸಿಗೆಯನ್ನು ದಾಟಲಾರದು. ನಮ್ಮ ಗಟ್ಟಿಪಿಂಡಗಳು ಬೇರೆಯೇ. ಕೋಟೆಗೋಡೆಗಳ ಸಂದಿಯಲ್ಲಿ, ಒಣ ಬಂಡೆಗಳ ನೆರಳಲ್ಲಿ ಬೀಸಣಿಗೆಯ ಹಾಗೆ ನಿಲ್ಲುವ ಪುಟ್ಟ ಮಯೂರಶಿಖೆ ಜರೀಗಿಡ. ಅದು ಬೇಸಿಗೆಯಲ್ಲಿ ಮುದುಡಿ ಸತ್ತಂತೆ ಬಿದ್ದಿರುತ್ತದೆ. ಮಳೆ ಬಿದ್ದರೆ ಬಿಚ್ಚಿಕೊಳ್ಳುತ್ತದೆ. ಹಳೆಯ ಕಟ್ಟಡಗಳ ಗಾರೆಯಲ್ಲಿ, ಚರಂಡಿಯ ಇಟ್ಟಿಗೆಯಲ್ಲಿ ಯಾರೂ ನೆಡದೆ ಬೆಳೆಯುವ ಟೆರಿಸ್ ವಿಟ್ಟಾಟ ಇನ್ನೊಂದು. ಮಣ್ಣಿನ ಆರ್ಸೆನಿಕ್ ವಿಷವನ್ನು ಗರಿಗಳಿಗೆ ಎಳೆದುಕೊಳ್ಳುವ ಅದರ ಶಕ್ತಿಯನ್ನು ವಿಜ್ಞಾನಿಗಳು 2001ರಲ್ಲಿ ವರದಿ ಮಾಡಿದ ಮೇಲೆ ಈ ಕಳೆಗಿಡಕ್ಕೆ ಜಗತ್ತಿನಲ್ಲಿ ಮರ್ಯಾದೆ ಬಂತು. ಕೊಡಗಿನ ಅಡುಗೆಮನೆಯಲ್ಲಂತೂ ಜರೀಗಿಡದ ಸುರುಳಿ ಚಿಗುರು 'ತೆರ್ಮೆ ತೊಪ್ಪು' ಎಂಬ ಹೆಸರಿನಲ್ಲಿ ಮಳೆಗಾಲದ ಪಲ್ಯ. ಚಿಗುರು ಚಿವುಟಿ ಬುಡ ಬಿಡುವುದರಿಂದ ಮರುವರ್ಷವೂ ಚಿಗುರು ಇರುತ್ತದೆ.

ನಗರದ ಬಾಲ್ಕನಿಗಳಿಗೆ ಇವ್ಯಾವೂ ಬರುವುದಿಲ್ಲ. ನರ್ಸರಿಗಳಲ್ಲಿ ಹೆಚ್ಚು ಸಿಗುವುದು ಬಾಸ್ಟನ್ ಫರ್ನ್. 1894ರಲ್ಲಿ ಅಮೆರಿಕದ ಬಾಸ್ಟನ್‌ಗೆ ಬಂದ ಗಿಡಗಳ ನಡುವೆ ಕಂಡ ಒಂದು ಬಾಗು ಗರಿಯ ಗಿಡದ ಸಂತತಿ ಅದು. ಬುಡದಿಂದ ಬಳ್ಳಿ ಚಾಚಿ ತಾನೇ ಮರಿ ಹಾಕುತ್ತದೆ, ಯಾವ ಕಾಡಿಗೂ ನಷ್ಟವಿಲ್ಲ. ಚಿಂತೆಯಿರುವುದು ಮರಜರೀಗಿಡಗಳ ಬಗ್ಗೆ. ಪಶ್ಚಿಮಘಟ್ಟದ ತೊರೆಗಳ ಬದಿಯಲ್ಲಿ ತೆಂಗಿನ ಸಸಿಯಂತೆ ಎದ್ದು ನಿಲ್ಲುವ ಸಯಾಥಿಯಾಗಳಿವು. ಇವುಗಳ ನಾರುನಾರಾದ ಕಾಂಡವನ್ನು ಕೊಯ್ದು ಆರ್ಕಿಡ್ ಕೂರಿಸಲು ಬಳಸುವ ವ್ಯಾಪಾರ ಜಗತ್ತಿನಾದ್ಯಂತ ಇತ್ತು. ಸಯಾಥಿಯಾಗಳು ಈಗ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ. ಆದರೆ ಒಪ್ಪಂದ ಕಾಯುವುದು ಗಡಿ ದಾಟುವ ಸರಕನ್ನು. ಮನೆಗೆ ಕೊಂಡು ತರುವಾಗ ಕೇಳಬೇಕಾದವರು ನಾವೇ. ಇದು ನರ್ಸರಿಯಲ್ಲಿ ಎದ್ದದ್ದೋ, ಕಾಡಿನಿಂದ ಎದ್ದು ಬಂದದ್ದೋ? ಒಂದೇ ಅಳತೆಯ ಹತ್ತಾರು ಗಿಡಗಳು ಸಾಲಾಗಿದ್ದರೆ ಅವು ಬಿತ್ತಿದವೋ ಬುಡ ಸೀಳಿದವೋ ಇರುವ ಸಂಭವ ಹೆಚ್ಚು. ಒಂದೊಂದೂ ಒಂದೊಂದು ಗಾತ್ರ, ಬೇರಿನಲ್ಲಿ ಕಾಡಿನ ಕಪ್ಪು ಮಣ್ಣು, ಗರಿಗಳು ಮುರಿದಿವೆ ಎಂದರೆ ಅನುಮಾನಪಡಬೇಕು.

ಮೊಫಾಟ್‌ನ ವುಡ್ಸಿಯಾದ ಕಥೆಗೆ ಒಂದು ಉತ್ತರಭಾಗವಿದೆ. ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್ನಿನವರು ಅಳಿದುಳಿದ ಗಿಡಗಳ ಬೀಜಾಣುಗಳಿಂದ ಸಸಿಗಳನ್ನು ಎಬ್ಬಿಸಿ, 1990ರ ದಶಕದ ಕೊನೆಯಿಂದ ಅವನ್ನು ಮತ್ತೆ ಬೆ‌ಟ್ಟಗಳಿಗೆ ಒಯ್ದು ನೆಟ್ಟರು. ಕಿತ್ತದ್ದನ್ನು ಮರಳಿಸಲು ಸಾಧ್ಯವಾದದ್ದು ಲಿಂಡ್ಸೆ ಜಮೈಕಾದಲ್ಲಿ ಮಾಡಿದಂಥ ಕೆಲಸದಿಂದಲೇ.

ಕಿಲಾರ್ನಿ ಫರ್ನ್‌ನ ಕಥೆ ಇನ್ನೂ ಸೋಜಿಗದ್ದು. 1989ರಲ್ಲಿ ಸಸ್ಯಶಾಸ್ತ್ರಜ್ಞರು ಬ್ರಿಟನ್ನಿನ ಕತ್ತಲ ಗುಹೆ, ಬಂಡೆ ಬಿರುಕುಗಳಲ್ಲಿ ಹಸಿರು ನಾರಿನ ಮೆತ್ತೆಯಂಥದ್ದನ್ನು ಗುರುತಿಸಿದರು. ಪಾಚಿಯಲ್ಲ, ಕಿಲಾರ್ನಿ ಫರ್ನ್‌ನ ಆ ಎರಡನೆಯ ಜನ್ಮ. ಗರಿಯ ರೂಪವನ್ನು ತಾಳದೆ, ಆ ಪುಟ್ಟ ರೂಪದಲ್ಲಿಯೇ ಅದು ತನ್ನನ್ನು ತಾನು ಹಬ್ಬಿಸಿಕೊಂಡು ಬದುಕಿತ್ತು. ಮುಂದೆ ಹುಡುಕಿದಾಗ ಗರಿಗಳ ಗಿಡ ಎಂದೂ ಕಾಣದ ಜಾಗಗಳಲ್ಲೂ ಅದು ಸಿಕ್ಕಿತು. ಬುಟ್ಟಿ ಹಿಡಿದು ಕಣಿವೆ ಕಣಿವೆ ಅಲೆದವರು ಆ ಬಂಡೆಗಳ ಮುಂದೆಯೂ ಹಾದುಹೋಗಿರಬೇಕು. ಗರಿಯನ್ನು ಹುಡುಕುತ್ತಿದ್ದ ಅವರ ಕಣ್ಣಿಗೆ ಅದು ಬೀಳಲಿಲ್ಲ. ಆದ್ದರಿಂದ ಉಳಿಯಿತು.